ಅವನಿಗೆ ಎಂತ ಕಡಿಮೆ ಆಗಿತ್ತು?

ಕುಮಟಾದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಜನ ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಶುಗರ್, ಬೀಪಿಯವು. ಇನ್ನೊಂದು ಪ್ರಶ್ನೆ ಮಾತ್ರ ಕೌಂಟರಿನ ಮೇಲೆ ಬಗ್ಗಿ, ಅಕ್ಕಪಕ್ಕ ನೋಡಿ, ಸಣ್ಣ ದನಿಯಲ್ಲಿ ಬರುತ್ತದೆ. "ಅಲ್ಲ ಮಾರಾಯ, ತೋಟ ಇದೆ, ಮನೆ ಇದೆ, ಮಗ ಬೆಂಗಳೂರಲ್ಲಿ ಒಳ್ಳೇ ಕೆಲಸದಲ್ಲಿದ್ದಾನೆ. ಅವನಿಗೆ ಎಂತ ಕಡಿಮೆ ಆಗಿತ್ತು ಅಂತ ಈ ಡಿಪ್ರೆಶನ್ ಬಂತು?"

ಕೇಳುವವರು ಕೆಟ್ಟವರಲ್ಲ. ಆದರೆ ಈ ಪ್ರಶ್ನೆಗೆ ಹೆದರಿಯೇ ಶಿರಸಿಯವರು ದೇವಿಮನೆ ಘಟ್ಟ ಇಳಿದು ನಮ್ಮೂರಿಗೆ ಬಂದು ಮಾತ್ರೆ ಒಯ್ಯುತ್ತಾರೆ, ನಮ್ಮೂರಿನವರು ಹೊನ್ನಾವರಕ್ಕೆ ಹೋಗುತ್ತಾರೆ. ಬಿಲ್ ಬೇಡ ಎನ್ನುತ್ತಾರೆ. ಶೀಟಿನ ಮೇಲಿನ ಹೆಸರು ಕಾಣದ ಹಾಗೆ ಕಾಗದದಲ್ಲಿ ಸುತ್ತಿ ಕೊಡಿ ಎನ್ನುತ್ತಾರೆ. ನಾನು ವೈದ್ಯನಲ್ಲ, ಚೀಟಿ ಓದಿ ಔಷಧಿ ಕೊಡುವವನು. ಆದರೂ ಇಷ್ಟು ವರ್ಷ ಚೀಟಿ ಓದಿದ ಮೇಲೆ, ವೈದ್ಯರನ್ನು ಕೇಳಿ ತಿಳಿದುಕೊಂಡ ಮೇಲೆ, ಒಂದು ಉತ್ತರ ಕೊಡಬಲ್ಲೆ.

ಅಡಿಕೆಗೆ ಕೊಳೆರೋಗ ಬಂದಾಗ "ಈ ತೋಟಕ್ಕೆ ಎಂತ ಕಡಿಮೆ ಆಗಿತ್ತು" ಎಂದು ಯಾರೂ ಕೇಳುವುದಿಲ್ಲ. ರೋಗದ ಬೀಜ ತೋಟದಲ್ಲೇ ಇರುತ್ತದೆ, ಮಳೆ ಬಿಡದೆ ಹೊಡೆಯುತ್ತದೆ, ಮರ ಹತ್ತುವ ಕೊನೆಗೌಡ ಸಿಗದೆ ಬೋರ್ಡೋ ಔಷಧಿ ಹೊಡೆಯುವುದು ಹದಿನೈದು ದಿನ ತಡವಾಗುತ್ತದೆ. ಮೂರೂ ಕೂಡಿದಾಗ ಕಾಯಿ ಉದುರುತ್ತದೆ. ಪಕ್ಕದ ತೋಟಕ್ಕೂ ಅದೇ ಮಳೆ ಬಿದ್ದಿರುತ್ತದೆ, ಅಲ್ಲಿ ಅಷ್ಟು ಉದುರಿರುವುದಿಲ್ಲ. ಖಿನ್ನತೆಯೂ ಹೀಗೆ ಹಲವು ಕಾರಣ ಕೂಡಿ ಬರುವ ಕಾಯಿಲೆ. ಒಂದೇ ಕಾರಣ ಹುಡುಕಿ ಹೊರಟವರಿಗೆ ಕೊನೆಗೆ ಸಿಗುವುದು ಹೆಂಡತಿಯೋ ಸೊಸೆಯೋ, ಪಾಪ.

ಮೊದಲನೆಯದು, ಹುಟ್ಟಿನಿಂದ ಬಂದದ್ದು. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗೆ ತೀವ್ರ ಖಿನ್ನತೆ ಇದ್ದರೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಸಂಭವ. ಹಾಗೆಂದು ಬಂದೇ ಬರುತ್ತದೆ ಎಂದಲ್ಲ. ಇಂಥದೊಂದೇ ಜೀನು ಕಾರಣ ಎಂದೂ ಇಲ್ಲ, ಸಣ್ಣ ಸಣ್ಣವು ಎಷ್ಟೋ ಸೇರಿರುತ್ತವೆ. ಚಿಕ್ಕಂದಿನಲ್ಲಿ ಪೆಟ್ಟು, ಲೈಂಗಿಕ ದೌರ್ಜನ್ಯ, ತಬ್ಬಲಿತನ ಕಂಡವರಿಗೂ ಮುಂದೆ ಇದರ ಅಪಾಯ ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಒಂದೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಮೆದುಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆ ಆಗಿದೆ, ಅಷ್ಟೇ" ಎಂಬ ವಿವರಣೆಯನ್ನು ನಮ್ಮಂಥವರೇ ಹರಡಿದ್ದು. ಕೇಳಲು ಸುಲಭ, ವಿಷಯ ಅಷ್ಟು ಸುಲಭವಿಲ್ಲ.

ಆಮೇಲೆ ಹೊರಗಿನಿಂದ ಬೀಳುವ ಪೆಟ್ಟು. ಸಾವು, ಸಾಲ, ಮುರಿದ ಮದುವೆ, ಹೋದ ಕೆಲಸ, ಇವು ಎಲ್ಲ ಊರಿನವೂ ಹೌದು. ನಮ್ಮ ಜಿಲ್ಲೆಯವು ಸ್ವಲ್ಪ ಬೇರೆ. ಶಿರಸಿ, ಸಿದ್ದಾಪುರದ ಕಡೆ ಮನೆಯಿಂದ ಮನೆಗೆ ಮೈಲಿ ದೂರ, ಒಳಗೆ ಇಬ್ಬರೇ ವಯಸ್ಸಾದವರು, ಅವರಲ್ಲೊಬ್ಬರು ಹೋದರೆ ಇನ್ನೊಬ್ಬರು ಮತ್ತು ನಾಯಿ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ವಾರಗಟ್ಟಲೆ ಮಗನ ಫೋನೂ ಇಲ್ಲ. ಮೂವತ್ತೈದು ದಾಟಿದರೂ ಹೆಣ್ಣು ಸಿಗದ ತೋಟದ ಹುಡುಗರನ್ನು ಪ್ರತಿ ಮದುವೆಮನೆಯಲ್ಲೂ "ನಿಂದು ಯಾವಾಗ" ಎಂದು ಕೇಳಿ ಕೇಳಿ ಅವರು ಊಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಹಿರಿಯರಿಗೆ "ಪರಿಹಾರ ಬಂತಲ್ಲ" ಎನ್ನುವವರಿದ್ದಾರೆ. ದುಡ್ಡು ಬಂತು, ನೆರೆಕರೆ ಬರಲಿಲ್ಲ.

ಮೊದಲ ಸಲ ಖಿನ್ನತೆ ಬರುವಾಗ ಹೆಚ್ಚಾಗಿ ಇಂಥ ಒಂದು ಪೆಟ್ಟು ಕಣ್ಣಿಗೆ ಕಾಣುತ್ತದೆ. ಮತ್ತೆ ಮತ್ತೆ ಬಂದವರಿಗೆ ಸಣ್ಣದೂ ಸಾಕು, ಕೆಲವೊಮ್ಮೆ ಏನೂ ಬೇಡ. ಮಗನ ಮದುವೆ ಚೆನ್ನಾಗಿ ಆಯಿತು, ಫಸಲು ಚೆನ್ನಾಗಿದೆ, ಆದರೂ ಬರುತ್ತದೆ. ಅಂಥ ಹೊತ್ತಿನಲ್ಲೇ "ಎಂತ ಕಡಿಮೆ" ಎಂಬ ಪ್ರಶ್ನೆ ಹೆಚ್ಚು ಗಾಯ ಮಾಡುವುದು. ಅವರೂ ತಮ್ಮನ್ನು ರಾತ್ರಿಯೆಲ್ಲ ಅದನ್ನೇ ಕೇಳಿಕೊಂಡಿರುತ್ತಾರೆ.

ಇನ್ನು ನನಗೆ ಹೆಚ್ಚು ಗೊತ್ತಿರುವ ಭಾಗಕ್ಕೆ ಬರುತ್ತೇನೆ, ಅಂದರೆ ಮೈಯೊಳಗಿನ ಕಾರಣಗಳಿಗೆ. ಘಟ್ಟದ ಮೇಲಿನ ಒಬ್ಬ ಅಕ್ಕ ತಿಂಗಳಿಗೊಮ್ಮೆ ಟಾನಿಕ್ ಕೇಳಿಕೊಂಡು ಬರುತ್ತಿದ್ದರು. ಮೈ ಭಾರ, ಯಾವುದರಲ್ಲೂ ಮನಸ್ಸಿಲ್ಲ, ಬೇಸಿಗೆಯಲ್ಲೂ ಚಳಿ, ಕೂದಲು ಉದುರುತ್ತದೆ. ಮಾತಾಡುತ್ತಾ ಕಣ್ಣಲ್ಲಿ ನೀರು. ಮನೆಯವರು ಸೋಮಾರಿತನ ಎಂದಿದ್ದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ತೀರಾ ಕಡಿಮೆ ಕೆಲಸ ಮಾಡುತ್ತಿತ್ತು. ಎಲ್ಲರ ಕಥೆ ಥೈರಾಯ್ಡ್ ಮಾತ್ರೆಯೊಂದರಲ್ಲೇ ಮುಗಿಯುವುದಿಲ್ಲ, ಅದು ಸರಿಯಾದರೂ ಮನಸ್ಸು ಏಳದವರಿದ್ದಾರೆ. ಆದರೆ ನೋಡದೇ ಬಿಡುವುದು ತಪ್ಪು.

ಬಿ12 ವಿಟಮಿನ್ ಇನ್ನೊಂದು. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಅದರ ಮೇಲೆ ಶುಗರಿಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸಿಗೆಂದು ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಿದರೆ ಮತ್ತಷ್ಟು ಇಳಿಯಬಹುದು. ರಕ್ತಹೀನತೆ, ಸಕ್ಕರೆ ಕಾಯಿಲೆ, ಹೃದಯಾಘಾತ, ಪಾರ್ಶ್ವವಾಯು, ಪಾರ್ಕಿನ್ಸನ್, ವರ್ಷಗಳ ಮಂಡಿನೋವು, ಇವೆಲ್ಲದರ ಜೊತೆಗೂ ಖಿನ್ನತೆ ಬರುವುದುಂಟು. ಉಬ್ಬಸಕ್ಕೋ ಗಂಟುನೋವಿಗೋ ಹಳೇ ಚೀಟಿ ಹಿಡಿದು ಸ್ಟಿರಾಯ್ಡ್ ಕೇಳುವವರಿಗೆ ನಾನು ಕೊಡುವುದಿಲ್ಲ. ಬೈದು ಹೋಗುತ್ತಾರೆ. ಅದು ಮನಸ್ಸನ್ನು ಮೇಲಕ್ಕೂ ಎತ್ತಬಹುದು, ಕೆಳಕ್ಕೂ ಕೆಡವಬಹುದು ಎಂದರೆ ನಂಬುವುದಿಲ್ಲ. ಹೆರಿಗೆಯಾದ ಮೇಲೆ ಎರಡು ವಾರ ಕಳೆದರೂ ಅಳು ನಿಲ್ಲದ, ಮಗು ಮಲಗಿದರೂ ತಾನು ಮಲಗಲಾಗದ ಬಾಣಂತಿಗೆ ಲೇಹ್ಯ ಮಾತ್ರ ಸಾಲದು. ಅದು ದೃಷ್ಟಿಯೂ ಅಲ್ಲ, ಸೊಕ್ಕೂ ಅಲ್ಲ.

ಕುಡಿತದ ಮಾತು ಎತ್ತಿದರೆ ಗಂಡಸರು ಸುಮ್ಮನಾಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ಬಂದ್. ಕೈಯಲ್ಲಿ ಕೆಲಸವಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕಾರವಾರದವರಿಗೆ ಗೋವಾ ಗಡಿ ಎಷ್ಟು ದೂರ ಎಂದು ನಾನು ಹೇಳಬೇಕಿಲ್ಲ. "ಬೇಜಾರಿಗೆ ಕುಡಿಯುವುದು" ಎನ್ನುತ್ತಾರೆ. ಕುಡಿತವೇ ನಿದ್ದೆ ಕೆಡಿಸಿ, ಮನಸ್ಸು ಇಳಿಸಿ, ಮರುದಿನದ ಬೇಜಾರನ್ನು ತಯಾರು ಮಾಡಿಡುತ್ತದೆ. ಬಿಟ್ಟು ಕೆಲವು ವಾರ ಕಳೆದ ಮೇಲೆ ಖಿನ್ನತೆ ತಾನಾಗಿ ಇಳಿಯುವವರೂ ಇದ್ದಾರೆ. ಒಂದು ಎಚ್ಚರ: ದಿನಾ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಹಾಗಾಗಿ ಕೌಂಟರಿಗೆ ಬಗ್ಗಿ ಕೇಳುವವರಿಗೆ ನಾನು ಹೇಳುವುದು, ಕಾರಣ ಹುಡುಕಿ, ಬೇಡ ಎನ್ನುವುದಿಲ್ಲ. ರಕ್ತದಲ್ಲಿ ಹುಡುಕಿ, ತಿನ್ನುವ ಮಾತ್ರೆಗಳ ಚೀಲದಲ್ಲಿ ಹುಡುಕಿ, ಬಾಟಲಿಯಲ್ಲಿ ಹುಡುಕಿ. ಅಲ್ಲಿ ಸಿಕ್ಕಿದ್ದನ್ನು ಸರಿ ಮಾಡಬಹುದು. ಅವನ ಮುಖ ನೋಡಿ "ಯಾಕೆ" ಎಂದು ವಿಚಾರಣೆ ಮಾಡಿದರೆ ಅವನು ಹೇಳುವುದು "ಏನಿಲ್ಲ" ಎಂದಷ್ಟೇ. "ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಯ್ತು, ಊಟ ಸೇರ್ತದಾ" ಎಂದು ಕೇಳಿ, ಅದಕ್ಕೆ ಉತ್ತರ ಸಿಗುತ್ತದೆ. ದಿನದ ಹೆಚ್ಚು ಹೊತ್ತು ಇದೇ ಸ್ಥಿತಿ, ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು.

ತೋರಿಸಲು ಮಣಿಪಾಲಕ್ಕೇ ಹೋಗಬೇಕೆಂದಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ. ಕಾರವಾರದ ವೈದ್ಯಕೀಯ ಕಾಲೇಜು, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇವೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಐದನೇ ದಿನ "ಏನೂ ಆಗಲಿಲ್ಲ" ಎಂದು ಬಿಡುವವರೂ, ಗುಣವಾಯಿತೆಂದು ತಾವೇ ನಿಲ್ಲಿಸುವವರೂ ಮತ್ತೆ ಬರುತ್ತಾರೆ. ಬದುಕು ಸಾಕು ಎಂಬ ಮಾತು ಬಾಯಿಂದ ಬಂದರೆ ಅವರನ್ನು ಒಬ್ಬರೇ ಬಿಡಬೇಡಿ, ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿ ಇಡಿ ಅಥವಾ ಮನೆಯಿಂದಲೇ ಸಾಗಿಸಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಯಿಲೆಯವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.