"ನೀವ್ಯಾಕೆ ಖಂಡಿಸುವುದಿಲ್ಲ ಮಾರಾಯಾ?"

ಎಲ್ಲೇ ಬಾಂಬ್ ಸಿಡಿಯಲಿ, ಎರಡು ದಿನದೊಳಗೆ ಯಾರಾದರೂ ಮುಸ್ಲಿಮನಾದ ನನ್ನನ್ನು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವವರು ಕೆಟ್ಟವರಲ್ಲ. ಜೊತೆಗೆ ಶಾಲೆಗೆ ಹೋದವರು, ಮಂಗಳೂರು ಬಂದರಿನ ನನ್ನ ಅಂಗಡಿಯಲ್ಲಿ ಈಗಲೂ ಸಾಲ ಬರೆಸುವವರು.

ನಾನು ಖಂಡಿಸುತ್ತೇನೆ. ನಿಮಗೆ ಕೇಳಿಸುವುದಿಲ್ಲ, ಅಷ್ಟೇ.

2022ರ ನವೆಂಬರ್ 19ರ ಸಂಜೆ ನಮ್ಮ ಮಂಗಳೂರಿನ ನಾಗುರಿಯಲ್ಲಿ ರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿಯಿತಲ್ಲ, ತಂದವನ ಜೊತೆ ಪಾಪದ ಡ್ರೈವರ್ ಕೂಡ ಸುಟ್ಟುಕೊಂಡದ್ದು? ಮರುದಿನ ಪೊಲೀಸರು ಇದು ಭಯೋತ್ಪಾದನೆ ಅಂದರು. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ನಾನು ನಾಲ್ಕು ಸಾಲು ಬರೆದೆ. ಮಾಡಿದವನಿಗೆ ಶಿಕ್ಷೆಯಾಗಲಿ, ಡ್ರೈವರಿಗೆ ಬೇಗ ಗುಣವಾಗಲಿ ಅಂತ. ಯಾರೂ ಒಂದು ಹೆಬ್ಬೆರಳೂ ಒತ್ತಲಿಲ್ಲ. ಅದರ ಕೆಳಗೆ ಒಬ್ಬ ನನ್ನನ್ನು ಟ್ಯಾಗ್ ಮಾಡಿ, "ನಿಮ್ಮ ಮನೆಯಲ್ಲಿ ಎಷ್ಟು ವಿಸಿಲ್?" ಅಂತ ಕೇಳಿದ. ಹದಿನೆಂಟು ಜನ ನಕ್ಕರು. ನಾನೂ ಒಂದು ನಗುವ ಇಮೋಜಿ ಹಾಕಿದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದೇ ತಿಂಗಳು ಮಣಿಪಾಲದ ಒಂದು ತರಗತಿಯಲ್ಲಿ ಮೇಷ್ಟ್ರು ಮುಸ್ಲಿಂ ಹುಡುಗನನ್ನು ಕಸಬ್ ಹೆಸರಿಗೆ ಹೋಲಿಸಿದರು. ಆ ಹುಡುಗ ನನ್ನ ಹಾಗೆ ನಗಲಿಲ್ಲ, ಇದು ತಮಾಷೆಯಲ್ಲ ಅಂತ ಎಲ್ಲರೆದುರೇ ಹೇಳಿದ. ವಿಡಿಯೋ ದೇಶವಿಡೀ ಓಡಿತು. ನಾನು ಮೂರು ಸಲ ನೋಡಿದೆ.

ಇನ್ನೊಂದು ಉಂಟು. 2020ರ ಜನವರಿ 20ಕ್ಕೆ ನಮ್ಮ ಏರ್‌ಪೋರ್ಟಿನಲ್ಲಿ ಬಾಂಬಿದ್ದ ಚೀಲ ಸಿಕ್ಕಿತು. ಹೆಸರು ಗೊತ್ತಾಗುವ ಮೊದಲೇ ಗ್ರೂಪಿನಲ್ಲಿ ತೀರ್ಪು ಆಗಿತ್ತು. ಎರಡು ದಿನ ಕಳೆದು ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದವನು ಮಣಿಪಾಲದವನು, ಹಿಂದೂ ಹೆಸರು. ತಕ್ಷಣ ಮಾತು ಬದಲಾಯಿತು. ಪಾಪ ಕೆಲಸ ಸಿಗಲಿಲ್ಲವಂತೆ, ತಲೆ ಸರಿಯಿಲ್ಲವಂತೆ. ಇರಬಹುದು. ನಾನು ಯಾರ ಹತ್ತಿರವೂ ನೀವ್ಯಾಕೆ ಖಂಡಿಸಲಿಲ್ಲ ಅಂತ ಕೇಳಲಿಲ್ಲ, ಯಾಕೆಂದರೆ ಅವರಿಗೂ ಆ ಚೀಲಕ್ಕೂ ಎಂತ ಸಂಬಂಧ? ನನಗೂ ಆ ಕುಕ್ಕರಿಗೂ ಅಷ್ಟೇ ಸಂಬಂಧ.

ಈಗ ಎಲ್ಲಾದರೂ ಸ್ಫೋಟ ಅಂತ ಸುದ್ದಿ ಬಂದರೆ ಸತ್ತವರೆಷ್ಟು ಅಂತ ನೋಡುವ ಮೊದಲು ನನ್ನ ಕಣ್ಣು ಹೆಸರು ಹುಡುಕುತ್ತದೆ. ಇದು ಒಳ್ಳೆಯದಲ್ಲ, ಗೊತ್ತು. ಮನೆಯಲ್ಲಿ ಉಮ್ಮನೂ ಹಾಗೆಯೇ, "ನಮ್ಮವನಾ?" ಅಂತ ನಮ್ಮ ಬ್ಯಾರಿ ಭಾಷೆಯಲ್ಲಿ ಮೆಲ್ಲ ಕೇಳುತ್ತಾರೆ.

ಗ್ರೂಪು ಬಿಡಲಿಲ್ಲವಾ ಅಂದರೆ, ಇಲ್ಲ. ಮದುವೆ ಕಾಗದ ಬರುವುದು ಅದರಲ್ಲೇ. ವಿಸಿಲ್ ಕೇಳಿದವನ ಮಗಳ ಮದುವೆಗೆ ಹೋಗಿ ಊಟ ಮಾಡಿ ಬಂದೆ.