ಮೋನೊದಲ್ಲಿ ಮಾಯವಾದ ಲೀಡ್

ಹಾಡು ಶುರುವಾಗಿ ಒಂದೂವರೆ ನಿಮಿಷಕ್ಕೆ ಲೀಡ್, ಅಂದರೆ ಮುಖ್ಯ ರಾಗ, ಬರಬೇಕಿತ್ತು. ಮೂರು ತಿಂಗಳು ತಿದ್ದಿ ತೀಡಿ ಕಟ್ಟಿದ ಸಿಂತ್ (ಸಿಂತಸೈಜರ್) ದನಿ ಅದು, ಇಡೀ ಟ್ರ್ಯಾಕ್ ನಿಂತಿದ್ದೇ ಅದರ ಮೇಲೆ. ಕಿಕ್ ಡ್ರಮ್ ನಿಂತಿತು, ಅರೆಗಳಿಗೆ ಮೌನ, ಆಮೇಲೆ ಎಲ್ಲವೂ ಒಟ್ಟಿಗೆ ಅಪ್ಪಳಿಸಿದವು. ಲೀಡ್ ಇರಲಿಲ್ಲ. ಸಣ್ಣಗೆ ಕೇಳುತ್ತಿತ್ತು ಅಂತಲ್ಲ, ಇರಲೇ ಇಲ್ಲ. ಅದರ ರಿವರ್ಬ್, ಅಂದರೆ ಮಾರ್ದನಿ, ಮಾತ್ರ ಎಲ್ಲೋ ಹಿಂದೆ ತೇಲುತ್ತಿತ್ತು, ಹಾಡುವವರು ಎದ್ದು ಹೋದ ಮೇಲೂ ಕೋಣೆಯಲ್ಲಿ ಅವರ ದನಿ ಉಳಿದ ಹಾಗೆ.

ಗೆಳೆಯರೆಲ್ಲ ಸೇರಿದ್ದ ಸಣ್ಣ ಸಭಾಂಗಣ. ನನ್ನ ಟ್ರ್ಯಾಕ್ ನಾಲ್ಕು ಜನರ ಮುಂದೆ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳಿದ್ದು ಅದೇ ಮೊದಲು. ಎದೆ ಧಸಕ್ಕೆಂದಿತು. ಸೌಂಡ್ ನೋಡಿಕೊಳ್ಳುತ್ತಿದ್ದವರ ಬಳಿ ಓಡಿದೆ.

"ಸರ್, ಕೇಬಲ್ ಏನಾದ್ರೂ ಬಿಟ್ಟಿದೆಯಾ ನೋಡ್ತೀರಾ? ಮೇನ್ ಲೀಡೇ ಕೇಳ್ತಿಲ್ಲ."

ಅವರು ಮಿಕ್ಸರ್ ಮೇಲೆ ಕಣ್ಣಾಡಿಸಿದರು. "ಎರಡೂ ಕಡೆ ಸಿಗ್ನಲ್ ಸರಿಯಾಗೇ ಬರ್ತಿದೆಯಲ್ಲ. ನಾನು ಎಡ, ಬಲ ಎರಡನ್ನೂ ಒಂದಾಗಿ ಸೇರಿಸಿ ಮೋನೊ ಮಾಡಿ ಕಳಿಸ್ತಿದ್ದೀನಿ. ಒಂದು ಸ್ಪೀಕರ್ ವೇದಿಕೆ ಹತ್ರ ಇದೆ, ಇನ್ನೊಂದು ಬಾಗಿಲ ಹತ್ರ. ಬಾಗಿಲಲ್ಲಿ ನಿಂತವರಿಗೂ ಪೂರ್ತಿ ಹಾಡು ಕೇಳ್ಬೇಕಲ್ವಾ?"

ಅವರು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಆ ರಾತ್ರಿಯೇ ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಹಾಡಿನ ಪ್ರಾಜೆಕ್ಟ್ ತೆರೆದೆ. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಚಾನೆಲ್‌ನಲ್ಲಿ ಮೋನೊ ಗುಂಡಿ ಒತ್ತಿದೆ, ಲೀಡ್ ಹೋಯಿತು. ಮತ್ತೆ ಒತ್ತಿದೆ, ಬಂತು. ಹತ್ತು ಸಲ ಒತ್ತಿರಬಹುದು. ಮಾಡಿದ್ದು ನಾನೇ. ಹೆಡ್‌ಫೋನ್‌ನಲ್ಲಿ ದನಿ ತಲೆಯಿಂದಾಚೆ ಹರಡಿಕೊಂಡಂತೆ ಕೇಳಲಿ ಅಂತ ಲೀಡ್‌ನ ಒಂದು ನಕಲು ತೆಗೆದು, ಮೂಲವನ್ನು ಪೂರ್ತಿ ಎಡಕ್ಕೆ, ನಕಲನ್ನು ಪೂರ್ತಿ ಬಲಕ್ಕೆ ಪ್ಯಾನ್ ಮಾಡಿ, ನಕಲಿನ ಫೇಸ್ ತಿರುಗಿಸಿದ್ದೆ. ಎಡಗಡೆ ಅಲೆ ಮೇಲೇರುವಾಗ ಬಲಗಡೆ ಅಷ್ಟೇ ಕೆಳಗಿಳಿಯುತ್ತದೆ. ಎರಡು ಕಿವಿಗೆ ಬೇರೆ ಬೇರೆಯಾಗಿ ಹೋದರೆ ಅದ್ಭುತ ಅಗಲ. ಒಂದೇ ತಂತಿಗೆ ಸೇರಿಸಿದರೆ ಐದರಿಂದ ಐದು ಕಳೆದ ಲೆಕ್ಕ, ಉಳಿಯುವುದು ಸೊನ್ನೆ. ರಿವರ್ಬ್ ಯಾಕೆ ಉಳಿಯಿತು ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ನಾನು ರಿವರ್ಬ್‌ಗೆ ಕಳಿಸಿದ್ದು ಮೂಲ ಟ್ರ್ಯಾಕ್ ಒಂದನ್ನೇ, ನಕಲನ್ನು ಕಳಿಸಿರಲಿಲ್ಲ. ಹಾಗಾಗಿ ಅದನ್ನು ಅಳಿಸುವ ಜೋಡಿ ಯಾವುದೂ ಇರಲಿಲ್ಲ.

ಮೋನೊದಲ್ಲೇ ಇಟ್ಟುಕೊಂಡು ಉಳಿದ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಸೋಲೊ ಮಾಡಿ ಕೇಳತೊಡಗಿದೆ. ಆರ್ಪೆಜಿಯೊ, ಅಂದರೆ ಸ್ವರಗುಚ್ಛವನ್ನು ಒಂದೊಂದೇ ಸ್ವರವಾಗಿ ನುಡಿಸುವ ಭಾಗ, ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಇ ಮೈನರ್‌ನ ಸರಳ ಓಟ ಅದು: ಇ, ಜಿ, ಬಿ, ಮೇಲಿನ ಇ. ನಾಲ್ಕೂ ಸ್ವರಗಳಿಗೆ ಒಂದೇ ವೆಲಾಸಿಟಿ, ಅಂದರೆ ಒಂದೇ ಒತ್ತು, ಕೊಟ್ಟಿದ್ದೆ. ಆದರೂ ಮೋನೊದಲ್ಲಿ ಜಿ ಎದ್ದು ನಿಲ್ಲುತ್ತಿತ್ತು, ಬಿ ಹೆಚ್ಚುಕಡಿಮೆ ಮುಳುಗಿಹೋಗಿತ್ತು. ಇಲ್ಲೂ ಒಂದು ನಕಲಿತ್ತು, ಬಲಕ್ಕೆ ಪ್ಯಾನ್ ಮಾಡಿ 10 ಮಿಲಿಸೆಕೆಂಡ್ ತಡವಾಗಿ ಬಿಟ್ಟದ್ದು. ಇಷ್ಟು ಕಡಿಮೆ ಅಂತರದಲ್ಲಿ ಬಂದ ಎರಡು ಸದ್ದನ್ನು ಕಿವಿ ಎರಡಾಗಿ ಎಣಿಸುವುದಿಲ್ಲ, ಒಂದೇ ಸದ್ದು ಅನ್ನುತ್ತದೆ, ಮೊದಲು ಬಂದ ಕಡೆಗೇ ವಾಲುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಅಳೆದು ತೋರಿಸಿದ್ದರಿಂದ ಅದಕ್ಕೆ ಹಾಸ್ ಎಫೆಕ್ಟ್ ಅನ್ನುವ ಹೆಸರು. ಸ್ಟೀರಿಯೋದಲ್ಲಿ ಚೆಂದವೇ. ಆದರೆ ಎರಡನ್ನೂ ಸೇರಿಸಿದ ಕೂಡಲೇ 50, 150, 250, 350 ಹರ್ಟ್ಜ್‌ಗಳಲ್ಲಿ ಒಂದು ಅಲೆ ಇನ್ನೊಂದನ್ನು ತಿಂದುಹಾಕುತ್ತದೆ, 100, 200, 300ರಲ್ಲಿ ಎರಡೂ ಕೂಡಿ ಉಬ್ಬುತ್ತವೆ. ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ. ಕಾಗದ ತೆಗೆದು ಬರೆದು ನೋಡಿದೆ. ನನ್ನ ಬಿ ಸುಮಾರು 247 ಹರ್ಟ್ಜ್, ನೇರವಾಗಿ 250ರ ಹಳ್ಳದಲ್ಲಿ. ಜಿ 196, ಇನ್ನೂರರ ದಿಬ್ಬದ ಮೇಲೆ. ಕಿವಿ ಹೇಳಿದ್ದನ್ನು ಲೆಕ್ಕವೂ ಹೇಳಿದಾಗ ಆ ಹೊತ್ತಿನಲ್ಲೂ ಮೈ ಜುಮ್ಮೆಂದಿತು. ಸಂಗೀತ ಮಾಡುವವರಿಗೆ ಇಂಥ ಕ್ಷಣ ಕೊಡುವ ಸುಖ ಬೇರೆ ಯಾವುದರಿಂದಲೂ ಸಿಗುವುದಿಲ್ಲ ಅಂತ ನನ್ನ ನಂಬಿಕೆ.

ಮಲಗಿ ಎದ್ದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ತೇಪೆ ಹಾಕುವುದು ಬೇಡ, ಮೊದಲಿಂದ ಮಿಕ್ಸ್ ಮಾಡುವುದು. ಹಳೆಯದನ್ನು ಬೇರೆ ಹೆಸರಲ್ಲಿ ಉಳಿಸಿ, ಎಲ್ಲ ಪ್ಯಾನ್ ಗುಂಡಿಗಳನ್ನು ನಡುವಿಗೆ ತಂದೆ, ಸದ್ದು ಮಿತಿ ಮೀರದಂತೆ ಅದುಮಲು ಮಾಸ್ಟರ್ ಮೇಲೆ ಹಾಕಿದ್ದ ಲಿಮಿಟರ್ ತೆಗೆದೆ, ಒಂದೊಂದು ಟ್ರ್ಯಾಕಿನ ಮಟ್ಟ ಏರಿಳಿಸುವ ಇಪ್ಪತ್ತೆರಡು ಫೇಡರ್‌ಗಳನ್ನೂ ಪೂರ್ತಿ ಕೆಳಗಿಳಿಸಿದೆ. ಮೋನೊ ಗುಂಡಿ ಒತ್ತಿಯೇ ಇತ್ತು. ಹೆಡ್‌ಫೋನ್ ಪಕ್ಕಕ್ಕಿಟ್ಟು ಸ್ಪೀಕರ್ ಹಾಕಿದೆ.

ಮೊದಲು ಕಿಕ್. ಅದರ ಪೀಕ್, ಅಂದರೆ ಅತಿ ಎತ್ತರದ ಮಟ್ಟ, ಸೊನ್ನೆಯೇ ಸೂರಾದ ಮೀಟರ್‌ನಲ್ಲಿ ಮೈನಸ್ 10 ಡೆಸಿಬೆಲ್ ತೋರುವಷ್ಟು ಏರಿಸಿ ಅಲ್ಲಿಗೇ ಬಿಟ್ಟೆ. ಹಳೆಯ ಮಿಕ್ಸ್‌ನಲ್ಲಿ ಕಿಕ್ ಮೈನಸ್ 1ರಲ್ಲಿತ್ತು. ಅದು ಜೋರಾಯಿತೆಂದು ಬೇಸ್ ಏರಿಸಿದ್ದೆ, ಬೇಸ್ ಜೋರಾಯಿತೆಂದು ಕ್ಲ್ಯಾಪ್, ಕ್ಲ್ಯಾಪ್‌ಗೆ ಸರಿಸಾಟಿಯಾಗಿ ಲೀಡ್. ಕೊನೆಗೆ ಎಲ್ಲವೂ ಸೂರಿಗೆ ತಲೆ ತಾಗಿಸಿಕೊಂಡು ನಿಂತಿದ್ದವು, ಲಿಮಿಟರ್ ಎಲ್ಲವನ್ನೂ ಒಟ್ಟಾಗಿ ಅದುಮುತ್ತಿತ್ತು. ಈಗ ಜಾಗವಿತ್ತು. ಬೇಸ್ ಫೇಡರ್ ನಿಧಾನಕ್ಕೆ ಏರಿಸಿದೆ. ಕಿಕ್‌ನ ಕೆಳಗಿಂದ ಅದು ಮೊದಲು ಮಸುಕಾಗಿ, ಆಮೇಲೆ ಅಂಚು ಸ್ಪಷ್ಟವಾಗಿ, ಆಮೇಲೆ ಕಿಕ್ಕನ್ನೇ ನುಂಗುವಷ್ಟು ದಪ್ಪವಾಗಿ ಬಂತು. ಅಲ್ಲಿಂದ ಎರಡು ಡೆಸಿಬೆಲ್ ಹಿಂದಕ್ಕೆ ತಂದೆ. ಎರಡೇ ಡೆಸಿಬೆಲ್! ಕಿಕ್‌ನ ಹೊಡೆತ ಹೊರಗೆ ಬಂತು, ಬೇಸ್‌ನ ಸ್ವರವೂ ಉಳಿಯಿತು. ಮಂದ್ರ, ತಾರ ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ಯೂ ಹಚ್ಚಿ ಗಂಟೆಗಟ್ಟಲೆ ಕೆರೆದರೂ ಆಗದಿದ್ದದ್ದು ಫೇಡರ್ ಒಂದು ಕೂದಲೆಳೆ ಸರಿದಾಗ ಆಯಿತು.

ಹಾಗೆ ಎರಡು ಡೆಸಿಬೆಲ್ ಇಳಿಸಿದ ಮೇಲೂ ಬೇಸ್ ಹಳೆಯ ಮಿಕ್ಸ್‌ನಲ್ಲಿ ಇದ್ದುದಕ್ಕಿಂತ ಎಷ್ಟೋ ಕೆಳಗಿತ್ತು. ಸಭಾಂಗಣದಲ್ಲಿ ಬೇಸ್ ಗೋಡೆ ನಡುಗಿಸುವಷ್ಟು ಗುಮ್ಮೆಂದದ್ದಕ್ಕೂ ಕಾರಣ ಆಗ ಸಿಕ್ಕಿತು. ರಾತ್ರಿ ಹೊತ್ತು ಸದ್ದು ಕಡಿಮೆ ಇಟ್ಟುಕೊಂಡೇ ಮಿಕ್ಸ್ ಮಾಡುತ್ತಿದ್ದೆ. ಮೆಲ್ಲಗಿಟ್ಟರೆ ಕೆಳಗಿನ ಮಂದ್ರ ದನಿಗಳು ಕಿವಿಗೆ ಎಷ್ಟೋ ಪಾಲು ಕಡಿಮೆ ಕೇಳುತ್ತವೆ, ಜೋರಾದ ಹಾಗೆ ಆ ಅಂತರ ಕುಗ್ಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದರ ವಕ್ರರೇಖೆಗಳನ್ನು ಎಳೆದಿಟ್ಟಿದ್ದಾರೆ. ನಾನು ರಾತ್ರಿಯ ಕಿವಿಗೆ ಸಾಲುವಷ್ಟು ಬೇಸ್ ಹಾಕಿದ್ದೆ, ಅದು ಹತ್ತುಪಟ್ಟು ಜೋರಾದ ಜಾಗಕ್ಕೆ ಹೋಗಿ ಬಿದ್ದಿತ್ತು. ಈ ಸಲ ಇಡೀ ದಿನ ಒಂದೇ ಮಟ್ಟದಲ್ಲಿ ಕೇಳಿದೆ, ಪಕ್ಕದಲ್ಲಿ ಕೂತವರೊಡನೆ ದನಿ ಏರಿಸದೆ ಮಾತಾಡಬಹುದಾದಷ್ಟು. ವಾಲ್ಯೂಮ್ ಗುಂಡಿ ಇದ್ದಲ್ಲಿ ಟೇಪ್ ಅಂಟಿಸಿ ಗೆರೆ ಹಾಕಿದೆ.

ಕ್ಲ್ಯಾಪ್, ಹ್ಯಾಟ್‌ನಂಥ ತಾಳದ ಸದ್ದುಗಳು, ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಪ್ಯಾಡ್‌ಗಳು ಬೇಗ ಮುಗಿದವು. ಕಿಕ್, ಬೇಸ್ ಸರಿಯಾಗಿದ್ದರೆ ಉಳಿದವು ತಮ್ಮ ಜಾಗ ತಾವೇ ಹೇಳುತ್ತವೆ.

ಲೀಡ್ ಕೂರಿಸುವುದಕ್ಕೆ ಮಾತ್ರ ಮಧ್ಯಾಹ್ನ ಪೂರ್ತಿ ಹಿಡಿಯಿತು. ನಕಲು ಅಳಿಸಿ ಒಂದೇ ಲೀಡ್ ನಡುವಲ್ಲಿ ಇಟ್ಟೆ. ಮೋನೊದಲ್ಲಿ ಅದು ಪ್ಯಾಡ್‌ನ ಹಿಂದೆ ಅಡಗುತ್ತಿತ್ತು. ಲೀಡ್ ಏರಿಸುವ ಬದಲು ಪ್ಯಾಡ್ ಮೂರು ಡೆಸಿಬೆಲ್ ಇಳಿಸಿ, ಎರಡೂ ಕಚ್ಚಾಡುತ್ತಿದ್ದ ಕಡೆ ಪ್ಯಾಡ್‌ನಿಂದ ಸ್ವಲ್ಪ ಕೊರೆದೆ. ಇಲ್ಲೇ ಮೋನೊದ ದೊಡ್ಡ ಉಪಕಾರ ಇರುವುದು. ಎಡಬಲಕ್ಕೆ ಸರಿಸಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದಾಗ ಯಾವುದರ ಕಾಲನ್ನು ಯಾವುದು ತುಳಿಯುತ್ತಿದೆ ಅನ್ನುವುದು ಬೆತ್ತಲಾಗಿ ಕಾಣುತ್ತದೆ. ಅಗಲ ಬೇಕೇ ಬೇಕು ಅನ್ನಿಸಿದ್ದರಿಂದ ಅದೇ ರಾಗವನ್ನು ಒಂದು ಆಕ್ಟೇವ್ ಮೇಲೆ ಎರಡು ಬೇರೆ ಸಿಂತ್ ದನಿಗಳಲ್ಲಿ, ಎರಡು ಸಲ ಬೇರೆ ಬೇರೆಯಾಗಿ ಕೀಬೋರ್ಡ್‌ನಲ್ಲೇ ನುಡಿಸಿದೆ. ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವಿನ ಲೀಡ್‌ಗಿಂತ ಒಂಬತ್ತು ಡೆಸಿಬೆಲ್ ಕೆಳಗೆ. ನಕಲುಗಳಲ್ಲದ ಕಾರಣ ಅವು ಒಂದನ್ನೊಂದು ಅಳಿಸುವುದಿಲ್ಲ.

ಆರ್ಪೆಜಿಯೊದ ತಡದ ನಕಲನ್ನೂ ತೆಗೆದೆ. ಅದರ ಬದಲು ಸ್ವರಗಳನ್ನೇ ಹಂಚಿದೆ. ಕೆಳಗಿನ ಇ ಮತ್ತು ಬಿ ಎಡಕ್ಕೆ, ಜಿ ಮತ್ತು ಮೇಲಿನ ಇ ಬಲಕ್ಕೆ, ಎರಡೂ ಅರ್ಧಕ್ಕಿಂತ ತುಸು ಆಚೆ. ಓಟ ಅತ್ತಿತ್ತ ಹಾರುತ್ತದೆ, ಸೇರಿಸಿದರೂ ಯಾವ ಸ್ವರವೂ ಹಳ್ಳಕ್ಕೆ ಬೀಳುವುದಿಲ್ಲ.

ಪೂರ್ತಿ ಅಂಚಿಗೆ ಯಾಕೆ ತಳ್ಳಲಿಲ್ಲ ಅಂದರೆ, ಹೆಡ್‌ಫೋನ್‌ನಲ್ಲಿ ಎಡದ ಸದ್ದು ಬಲಕಿವಿಗೆ ಹೋಗುವುದೇ ಇಲ್ಲ. ಸ್ಪೀಕರ್ ಮುಂದೆ ಕೂತರೆ ಎರಡೂ ಕಿವಿಗೆ ಎರಡೂ ಸ್ಪೀಕರ್ ಕೇಳುತ್ತವೆ, ದೂರದ ಕಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ತಡವಾಗಿ, ಸ್ವಲ್ಪ ಮೆತ್ತಗೆ. 1931ರಲ್ಲಿ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ ಅಲನ್ ಬ್ಲಮ್ಲೈನ್ ಕಟ್ಟಿದ ಮಾಯೆ ನಿಂತಿರುವುದು ಈ ಚೂರು ವ್ಯತ್ಯಾಸಗಳ ಮೇಲೆಯೇ. ಸ್ಪೀಕರೇ ಇಲ್ಲದ ನಡುಜಾಗದಿಂದ ದನಿ ಹೊಮ್ಮುತ್ತದೆ. ಆದರೆ ಕೇಳುವವರು ಎರಡಕ್ಕೂ ಸಮದೂರದಲ್ಲಿ ಇರಬೇಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ನಡುವಿನ ಬಿಂಬ ಹತ್ತಿರದ ಸ್ಪೀಕರ್‌ಗೆ ಜಾರಿಬಿಡುತ್ತದೆ. ಬಾಗಿಲಲ್ಲಿ ನಿಂತವರ ಬಗ್ಗೆ ಸೌಂಡ್‌ನವರು ಹೇಳಿದ ಮಾತು ಆಗಾಗ ನೆನಪಾಗುತ್ತಿತ್ತು.

ಪ್ಯಾನ್ ಮಾಡಿದ ಮೇಲೆ ಮತ್ತೆ ಮಟ್ಟ ನೋಡಬೇಕಾಯಿತು. ಎಡಬಲಕ್ಕೆ ತಿರುಗಿಸುವಾಗ ಮಟ್ಟ ಹೇಗೆ ಬದಲಾಗಬೇಕು ಅನ್ನುವ ನಿಯಮಕ್ಕೆ ಪ್ಯಾನ್ ಲಾ ಅನ್ನುತ್ತಾರೆ, ನನ್ನ ಸಾಫ್ಟ್‌ವೇರ್‌ನದ್ದು ಮೈನಸ್ 3 ಡೆಸಿಬೆಲ್‌ನದ್ದು. ನಡುವಲ್ಲಿದ್ದ ಸದ್ದು ಎರಡೂ ಸ್ಪೀಕರ್‌ಗೆ ಮೂರು ಡೆಸಿಬೆಲ್ ತಗ್ಗಿ ಹೋಗುತ್ತದೆ, ಹಾಗಾಗಿ ಕೋಣೆಯಲ್ಲಿ ಎಲ್ಲಿಗೆ ತಿರುಗಿಸಿದರೂ ಹೆಚ್ಚುಕಡಿಮೆ ಸಮ. ಮೋನೊದಲ್ಲಿ ಕೂಡಿಸಿದರೆ ಮಾತ್ರ ಅಂಚಿನದ್ದು ನಡುವಿನದ್ದಕ್ಕಿಂತ ಮೂರು ಡೆಸಿಬೆಲ್ ಹಿಂದೆ ಬೀಳುತ್ತದೆ. ಶೇಕರ್ ಒಂದನ್ನು ಪೂರ್ತಿ ಎಡದಲ್ಲಿ ಇಟ್ಟಿದ್ದೆ, ಅದನ್ನು ಒಂದೂವರೆ ಏರಿಸಿದೆ. ಸ್ಟೀರಿಯೋಗೆ ಒಂದು ಚೂರು ಹೆಚ್ಚು, ಮೋನೊಗೆ ಒಂದು ಚೂರು ಕಡಿಮೆ. ಇಂಥ ರಾಜಿಯಲ್ಲಿ ನನಗೆ ಬೇಸರವಿಲ್ಲ. ಕಿಕ್, ಬೇಸ್ ನಡುವಿನಿಂದ ಅಲುಗಲಿಲ್ಲ. ಅಷ್ಟು ಕೆಳಗಿನ ದನಿಯ ದಿಕ್ಕು ಕೋಣೆಯಲ್ಲಿ ಕಿವಿಗೆ ಸರಿಯಾಗಿ ಸಿಗುವುದಿಲ್ಲ, ನಡುವಿದ್ದರೆ ಎರಡು ಸ್ಪೀಕರ್ ಸೇರಿ ಹೊರುತ್ತವೆ. ವಿನೈಲ್ ತಟ್ಟೆ ಕೊರೆಯುವವರೂ ಬೇಸ್ ನಡುವಿಗೇ ತರುತ್ತಾರೆ, ಎಡಬಲ ಬೇರೆಯಾದರೆ ಗೆರೆ ಮೇಲೆ ಕೆಳಗೆ ಏರಿಳಿದು ಮುಳ್ಳು ಜಿಗಿದುಬಿಡಬಹುದು ಅಂತ.

ಸಂಜೆ ಹೊತ್ತಿಗೆ ಮಾಸ್ಟರ್ ಪೀಕ್ ಮೈನಸ್ 6ರ ಆಸುಪಾಸು ನಿಂತಿತು. ಮೋನೊದಲ್ಲೇ ಮೊದಲಿಂದ ಹಾಕಿ, ಎದ್ದು ಕೋಣೆಯ ಬಾಗಿಲಿಗೆ ಹೋಗಿ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ನಿಂತೆ. ಒಂದೂವರೆ ನಿಮಿಷ. ಕಿಕ್ ನಿಂತಿತು, ಅರೆಗಳಿಗೆ ಮೌನ. ಲೀಡ್ ಬಂತು.