ಅಪ್ಪನ ಲಾಗ್ ಪುಸ್ತಕ

ನಮ್ಮ ಹ್ಯಾಮ್ (ಹವ್ಯಾಸಿ) ರೇಡಿಯೋ ಕ್ಲಬ್ಬಿನ ಹಿರಿಯರೊಬ್ಬರು ತೀರಿಕೊಂಡ ಮೇಲೆ, ಅವರ ಟ್ರಾನ್ಸ್‌ಸೀವರನ್ನು (ಮಾತು ಕಳಿಸುವ, ಕೇಳಿಸುವ ರೇಡಿಯೋ ಸೆಟ್ಟನ್ನು) ಲೈಸೆನ್ಸ್ ಇರುವವರ ಕೈಗೇ ಒಪ್ಪಿಸಬೇಕೆಂದು ಮಗ ಕರೆದಿದ್ದರಿಂದ ಕಳೆದ ಭಾನುವಾರ ಜಯನಗರದ ಆ ಮನೆಗೆ ಹೋಗಿದ್ದೆ. ಸೆಟ್ಟಿನ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಪ್ರತಿ ಸಂಪರ್ಕವನ್ನೂ ಬರೆದಿಡುವ ಲಾಗ್ ಪುಸ್ತಕಗಳೂ, ಸಂಪರ್ಕವಾದದ್ದಕ್ಕೆ ಖಾತ್ರಿಯಾಗಿ ದೇಶವಿದೇಶಗಳಿಂದ ಬಂದ ಕ್ಯೂಎಸ್‌ಎಲ್ ಕಾರ್ಡುಗಳೂ ತುಂಬಿದ್ದವು. ಅವನ್ನು ಹಳೇ ಪೇಪರಿನವನಿಗೆ ಹಾಕುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

"ಅಪ್ಪ ರಾತ್ರಿಯೆಲ್ಲ ಯಾರ ಜತೆ ಮಾತಾಡುತ್ತಿದ್ದರೋ, ನಮಗೆ ಗೊತ್ತೇ ಆಗಲಿಲ್ಲ" ಎಂದರು ಮಗ. ವಾರವಿಡೀ ಆ ಮಾತು ನನ್ನನ್ನು ಬಿಟ್ಟಿಲ್ಲ. ಹ್ಯಾಮ್‌ಗಳ ಸಂಭಾಷಣೆಯಲ್ಲಿ ಗುಟ್ಟೆಂಬುದಿಲ್ಲ. ಮುಚ್ಚಿಟ್ಟು ಮಾತಾಡಲು ನಿಯಮವೇ ಒಪ್ಪುವುದಿಲ್ಲ, ಆ ಫ್ರೀಕ್ವೆನ್ಸಿಗೆ ಬಂದ ಯಾರು ಬೇಕಾದರೂ ಕೇಳಬಹುದು. ಆದರೆ ಪಕ್ಕದ ಕೋಣೆಯಲ್ಲಿ ಮಲಗಿದ್ದವರಿಗೆ ಕೇಳಿಸಿದ್ದು ಅರ್ಧ ಮಾತು ಮಾತ್ರ, ಉಳಿದರ್ಧ ಹೆಡ್‌ಫೋನಿನಲ್ಲಿತ್ತು.

2004ರ ಪುಸ್ತಕವನ್ನು ತೆರೆದು ಡಿಸೆಂಬರ್ ಕೊನೆಯ ಪುಟಗಳನ್ನು ಅವರಿಗೆ ತೋರಿಸಿದೆ. ಆ ತಿಂಗಳು ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂಬ ಕರೆಸಂಕೇತದಲ್ಲಿ ಜಗತ್ತಿನ ಹ್ಯಾಮ್‌ಗಳೊಂದಿಗೆ ಸಂಪರ್ಕ ನಡೆಸುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂದು ಫೋನುಗಳು ಸತ್ತಾಗ ಅದೇ ಉಪಕರಣಗಳು ಅಂಡಮಾನಿನ ಸುದ್ದಿಯನ್ನು ದಾಟಿಸಿದವು. ಇತ್ತ ಕೂತವರು ಸಂದೇಶ ಬರೆದುಕೊಂಡು ಆಯಾ ಕುಟುಂಬಗಳಿಗೆ ಫೋನ್ ಮಾಡಬೇಕಿತ್ತು. ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹವಿತ್ತು: "ಇಬ್ಬರೂ ಕ್ಷೇಮ. ಮಗಳಿಗೆ ತಿಳಿಸಿದೆ." ಸಮಯ 18:40. ಲಾಗ್‌ನಲ್ಲಿ ಬರೆಯುವುದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ, ನಮ್ಮ ಸಮಯ ಬೇಕಾದರೆ ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಳ್ಳಬೇಕು ಎಂದಾಗ ಮಗ ಬೆರಳು ಮಡಿಸಿ ಲೆಕ್ಕ ಹಾಕಿದರು. ಮಧ್ಯರಾತ್ರಿ ಕಳೆದು ಹತ್ತು ನಿಮಿಷ. ಆ ಸಾಲಿನ ಮೇಲಿಟ್ಟ ಬೆರಳನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ.

ಅವರು ಒಳ್ಳೆಯ ಮನುಷ್ಯ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ದೂರಬೇಕಾದದ್ದು ನಮ್ಮ ಕ್ಲಬ್ಬನ್ನೇ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ರಾಕೆಟ್ ಹೊತ್ತೊಯ್ದ, ಹ್ಯಾಮ್‌ಗಳಿಗೆಂದೇ ಮಾಡಿದ ಹ್ಯಾಮ್‌ಸ್ಯಾಟ್ ಉಪಗ್ರಹದ ಬಗ್ಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಭಾನುವಾರಗಳನ್ನು ತೆತ್ತು ಲೈಸೆನ್ಸ್ ಪರೀಕ್ಷೆಗೆ ಮಕ್ಕಳಿಗೆ ಮೋರ್ಸ್ ಸಂಕೇತಲಿಪಿ ಕಲಿಸಿದವರ, ಅಪರಿಚಿತರ ಮನೆಗಳಿಗೆ ಸುದ್ದಿ ಮುಟ್ಟಿಸಿದವರ ಹೆಸರು ನಮ್ಮ ಕಡತಗಳಲ್ಲಿ ಎಲ್ಲೂ ಇಲ್ಲ. ಈ ಕೆಲಸಕ್ಕೆ ಹಣ ಪಡೆಯುವಂತಿಲ್ಲವಾದ್ದರಿಂದ ರಸೀದಿಯೂ ಉಳಿದಿಲ್ಲ. ಇರುವುದು ಈ ಪುಸ್ತಕಗಳಷ್ಟೇ. ಹೀಗೆ ಎಷ್ಟು ಮನೆಗಳಿಂದ ಎಷ್ಟು ಪೆಟ್ಟಿಗೆಗಳು ಈಗಾಗಲೇ ತೂಕಕ್ಕೆ ಹೋಗಿರಬಹುದೆಂದು ನೆನೆದರೆ ಸಂಕಟವಾಗುತ್ತದೆ.

ಪೆಟ್ಟಿಗೆ ಈಗ ಕ್ಲಬ್ಬಿನಲ್ಲಿದೆ. 2004ರ ಪುಸ್ತಕವನ್ನು ಮಾತ್ರ ಮಗ ಕೊಡಲಿಲ್ಲ. ಜೆರಾಕ್ಸ್ ಮಾಡಿಸಿಕೊಳ್ಳಿ ಎಂದರು. ತೀರಿಕೊಂಡ ಉಳಿದ ಸದಸ್ಯರ ಮನೆಗಳಿಗೂ ಈ ತಿಂಗಳೇ ಹೋಗಿ ಲಾಗ್ ಪುಸ್ತಕಗಳನ್ನು ಕೇಳಬೇಕೆಂದು ಸಮಿತಿಗೆ ಪತ್ರ ಬರೆದಿದ್ದೇನೆ.